ಅಳೆದಿದ್ದಾಯ್ತು, ಕುಡಿಯಲ್ವಾ?

ಮಾಲಿನಿಯನ್ನು ನಾನು ಮೊದಲ ಸಲ ನೋಡಿದ್ದು 2019ರ ಮೇ ಹನ್ನೆರಡನೆಯ ತಾರೀಖು, ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. (ಇಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿದೆ ಎಂದು ಕೇಳಬೇಡಿ. ನಾನು ಕ್ವಾಲಿಟಿ ಕಂಟ್ರೋಲ್‌ನವನು. ಮನೆಗೆ ಬೆಂಕಿ ಬಿದ್ದರೂ ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಂಡು, ಆಮೇಲೆ ನೀರು ಹುಡುಕುವ ಪೈಕಿ ನಾವು.) ಸ್ಥಳ, ತಮಿಳು ಗಡಿಯ ಹೊಸೂರು ಸೀಮೆಯಲ್ಲಿ, ಬಾಗಲೂರಿನಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಯಲ್ಲಿ ಮುನಿವೆಂಕಟಪ್ಪನವರ ಮನೆ. ಕಾರಣ, ಹೆಣ್ಣು ನೋಡುವ ಶಾಸ್ತ್ರ. ನೋಡಬೇಕಾದ ಗಂಡು ನಾನು, ಮುನೀಂದ್ರ, ಗುಮ್ಮಳಾಪುರದ ಮುತ್ತರಾಯಪ್ಪನವರ ಮಗ, ಬಿ.ಎಸ್ಸಿ. ಕೆಮಿಸ್ಟ್ರಿ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನೇ ಎಂಬುದನ್ನು ನಮ್ಮಪ್ಪ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿಯಾಗಿತ್ತು.

ಅದು ಮಾವಿನ ಸೀಸನ್. ನಾನು ಕೆಲಸ ಮಾಡುವುದು ಕೃಷ್ಣಗಿರಿ ರಸ್ತೆಯ ಒಂದು ಹಣ್ಣಿನ ತಿರುಳಿನ ಕಾರ್ಖಾನೆಯಲ್ಲಿ. ಸೀಸನ್ನಿನಲ್ಲಿ ನಮಗೆ ರಜೆಯೆಂಬುದಿಲ್ಲ. ರಾತ್ರಿ ಪಾಳಿ ಮುಗಿಸಿ, ಕಾರ್ಖಾನೆಯ ನಲ್ಲಿಯಲ್ಲೇ ಮುಖ ತೊಳೆದು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ನೇರವಾಗಿ ಬಂದಿದ್ದೆ. ಹಳೆಯ ಷರಟಿನ ಜೇಬಿನಿಂದ ಹೊಸ ಷರಟಿನ ಜೇಬಿಗೆ ಅಭ್ಯಾಸಬಲದಿಂದ ಎರಡು ವಸ್ತುಗಳು ದಾಟಿದ್ದವು. ಒಂದು ಪೆನ್ನು. ಇನ್ನೊಂದು ರಿಫ್ರಾಕ್ಟೋಮೀಟರು.

ಇದೊಂದು ಗೇಣುದ್ದದ ಕೊಳವೆ. ನೋಡಲು ಮಕ್ಕಳಾಟದ ದುರ್ಬೀನಿನ ಹಾಗಿರುತ್ತದೆ. ಅದರ ಮೂತಿಯ ಗಾಜಿನ ಮೇಲೆ ಒಂದು ತೊಟ್ಟು ರಸ ಬಿಟ್ಟು, ಬೆಳಕಿನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಒಳಗೆ ಗೆರೆಯೊಂದು ಕಾಣುತ್ತದೆ. ರಸ ಎಷ್ಟು ಸಿಹಿ ಎಂದು ಆ ಗೆರೆ ಹೇಳುತ್ತದೆ. ಆ ಅಳತೆಯ ಹೆಸರು ಬ್ರಿಕ್ಸ್. ಲಾರಿಗಟ್ಟಲೆ ಮಾವು ಕಾರ್ಖಾನೆಯ ಒಳಗೆ ಬರಬೇಕೋ ವಾಪಸು ಹೋಗಬೇಕೋ ಎಂದು ತೀರ್ಮಾನಿಸುವುದು ಈ ಗೆರೆ. ಆ ಗೆರೆಯನ್ನು ನೋಡುವವನು ನಾನು. ಅಂದಮೇಲೆ ನನ್ನ ಸ್ಥಾನಮಾನ ನಿಮಗೆ ತಿಳಿದಿರಬಹುದು.

ಹನ್ನೊಂದು ಇಪ್ಪತ್ತಕ್ಕೆ ಮಾಲಿನಿ ತಟ್ಟೆ ಹಿಡಿದು ಬಂದಳು. ಹಸಿರು ಸೀರೆ. ತಟ್ಟೆಯಲ್ಲಿ ಐದು ಸ್ಟೀಲ್ ಲೋಟ, ಲೋಟದಲ್ಲಿ ಮಾವಿನ ಹಣ್ಣಿನ ರಸ. ನನ್ನ ಮುಂದೆ ಒಂದು ಲೋಟ ಇಟ್ಟು ಕಿಟಕಿಯ ಪಕ್ಕ ನಿಂತಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುಮ್ಮನಿದ್ದ ಕೈಗೆ ಏನಾದರೂ ಕೆಲಸ ಬೇಕಲ್ಲ. ಅದು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ಜೇಬಿನಿಂದ ಯಂತ್ರ ತೆಗೆದು, ಲೋಟಕ್ಕೆ ಬೆರಳು ಅದ್ದಿ, ಒಂದು ತೊಟ್ಟು ಬಿಟ್ಟು, ಬೆಳಕಿದ್ದ ಕಡೆಗೆ ಹಿಡಿದು ನೋಡಿದೆ.

ಆ ಮನೆಯಲ್ಲಿ ಬೆಳಕಿದ್ದದ್ದು ಕಿಟಕಿಯ ಕಡೆ ಮಾತ್ರ. ಕಿಟಕಿಯ ಕಡೆ ಇದ್ದದ್ದು ಮಾಲಿನಿ.

ಒಳಗಿನ ಕೋಣೆಯಲ್ಲಿ ಹೆಂಗಸರು ಕಿಸಕ್ಕೆಂದರು. "ಅಯ್ಯೋ, ಹುಡ್ಗೀನ ದುರ್ಬೀನು ಹಾಕ್ಕೊಂಡು ನೋಡ್ತಾವ್ನಲ್ಲೇ" ಎಂದು ಯಾರೋ ಅಂದರು. ನಾನು ಅದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೆರೆ ಸ್ಪಷ್ಟವಾಗಿತ್ತು. ಗಟ್ಟಿಯಾಗಿ ಓದಿದೆ.

"ಹದಿನಾರೂವರೆ."

ಮುನಿವೆಂಕಟಪ್ಪನವರ ಮುಖ ಕೆಂಪಾಯಿತು. "ಯಾರಪ್ಪಾ ಹಂಗಂದೋರು? ನಮ್ಮುಡ್ಗಿಗೆ ಇಪ್ಪತ್ಮೂರು ತುಂಬೈತೆ. ಬೇಕಾರೆ ಮಾರ್ಕ್ಸ್ ಕಾರ್ಡ್ ತರಿಸ್ತೀನಿ."

ನಮ್ಮಪ್ಪ ನನ್ನ ತೊಡೆ ಚಿವುಟಿದರು. ನಾನು ಯಂತ್ರದ ವಿಷಯ ವಿವರಿಸಿದೆ. ಬ್ರಿಕ್ಸ್ ಎಂದರೇನು, ಹಣ್ಣಿನದು ಎಷ್ಟು, ಬೆರೆಸಿದ ಸಕ್ಕರೆ ಎಷ್ಟಿರಬಹುದು, ಎಲ್ಲ ಹೇಳಿದೆ. ಆರು ನಿಮಿಷ ಹಿಡಿಯಿತು. ಆಮೇಲೆ ಲೋಟವನ್ನು ಕೆಳಗಿಟ್ಟು ಕೈ ಒರೆಸಿಕೊಂಡೆ. ಪರೀಕ್ಷೆ ಮುಗಿದ ಮೇಲೆ ಮಾದರಿಯನ್ನು ಕೆಳಗಿಡುವುದು ನಮ್ಮಲ್ಲಿ ಪದ್ಧತಿ.

ಆಗ ಕಿಟಕಿಯ ಪಕ್ಕದಿಂದ ಮೊದಲ ಮಾತು ಬಂತು.

"ಅಳೆದಿದ್ದಾಯ್ತು. ಕುಡಿಯಲ್ವಾ?"

ಕುಡಿದೆ. ಒಂದೇ ಗುಟುಕಿಗೆ ಕುಡಿದೆ. ಹೇಗಿತ್ತು ಎಂದು ಮಾಲಿನಿಯ ತಾಯಿ ಲಕ್ಷ್ಮೀದೇವಮ್ಮ ಕೇಳಿದಾಗ "ಹದಿನಾರೂವರೆ" ಎಂದೇ ಹೇಳಿದೆ. ಆ ಉತ್ತರದ ಮೇಲೂ ಅವರು ಹೆಣ್ಣು ಕೊಟ್ಟರು. ನಮ್ಮ ಕಡೆ ಡಿಗ್ರಿಗೆ ಅಷ್ಟು ಬೆಲೆಯಿದೆ.

ಮತ್ತಿಗಿರಿಯಲ್ಲಿ ಬಾಡಿಗೆ ಮನೆ ಮಾಡಿದೆವು. ಸಂಸಾರವೆಂದರೆ ಶಿಸ್ತು ಬೇಕೆಂದು ನಂಬಿದವನು ನಾನು. ಮಾಲಿನಿಯ ಅಡುಗೆಮನೆಯಲ್ಲಿ ಶಿಸ್ತೆಂಬುದು ಹೆಸರಿಗೂ ಇರಲಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಕಾಫಿಪುಡಿ ಡಬ್ಬಿಯಲ್ಲಿ ಅರಿಸಿನ, ಅರಿಸಿನದ ಡಬ್ಬಿಯಲ್ಲಿ ಗುಂಡಿ, ದಾರ, ಸೂಜಿ. ಹೋದ ಯುಗಾದಿಗೆ ನಾನು ಒಂದೇ ಥರದ ಹನ್ನೆರಡು ಡಬ್ಬಿಗಳ ಸೆಟ್ಟು ತಂದೆ. ಒಂದೊಂದಕ್ಕೂ ಕಾರ್ಖಾನೆಯ ಕ್ರಮದಲ್ಲಿ ಚೀಟಿ ಅಂಟಿಸಿದೆ. ಕೆ-1 ತೊಗರಿಬೇಳೆ, ಕೆ-2 ಉದ್ದಿನಬೇಳೆ, ಹೀಗೆ. ಕೆ-7 ಪುಡಿ ಸಕ್ಕರೆ. ಕೆ-8 ಪುಡಿ ಉಪ್ಪು. ಚೀಟಿಯ ಮೇಲೆ ಸಂಖ್ಯೆ, ತುಂಬಿದ ದಿನಾಂಕ, ತುಂಬಿದವರ ಸಹಿ. ಯಾವ ಸಂಖ್ಯೆ ಯಾವುದು ಎಂಬ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಮಾಲಿನಿ ಸೊಂಟದ ಮೇಲೆ ಕೈಯಿಟ್ಟು ಎಲ್ಲ ನೋಡಿದಳು. "ಒಗ್ಗರಣೆ ಸೀದ್ಹೋಗೋವಾಗ ಫ್ರಿಜ್ ಓದ್ಕೊಂಡು ನಿಂತ್ಕೋಬೇಕಾ ನಾನು?"

"ಅಭ್ಯಾಸವಾಗುತ್ತೆ."

"ಯಾರಿಗೆ?"

ಈ ಪ್ರಶ್ನೆಗೆ ಉತ್ತರ ಎರಡು ತಿಂಗಳ ನಂತರ ಸಿಕ್ಕಿತು. ಅದೇ ಈ ಕಥೆ.

ನಮ್ಮ ಕಾರ್ಖಾನೆಯಲ್ಲಿ ಈ ವರ್ಷ ಹೊಸ ವಿಭಾಗವೊಂದು ತೆರೆಯುವುದೆಂದು ಗೊತ್ತಾಯಿತು. ಇಷ್ಟು ದಿನ ಬರೀ ತಿರುಳು ಮಾಡಿ ಡ್ರಮ್ಮಿಗೆ ತುಂಬುತ್ತಿದ್ದೆವು. ಇನ್ನು ಮುಂದೆ ತಾಜಾ ಹಣ್ಣಿನ ರಸವನ್ನು ಬಾಟಲಿಗೆ ತುಂಬಿ ಮಾರುವುದು. ಮಾವು, ಅನಾನಸ್, ಸೀಬೆ, ಪರಂಗಿ, ಎಲ್ಲ. ಈ ವಿಭಾಗಕ್ಕೆ ಒಬ್ಬ ಮುಖ್ಯಸ್ಥ ಬೇಕು. ಲೆಕ್ಕಕ್ಕಿದ್ದವರು ಇಬ್ಬರು, ನಾನು ಮತ್ತು ಕಿರಣ್‌ಕುಮಾರ್. ಕಿರಣ್‌ಕುಮಾರ್ ಯಂತ್ರಗಳನ್ನು ನೋಡಿಕೊಳ್ಳುವವನು. ಹಣ್ಣಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ ಎಂಬುದಷ್ಟೇ.

ತೀರ್ಮಾನ ಮಾಡಬೇಕಾದವರು ಮ್ಯಾನೇಜರ್ ಯತಿರಾಜ್. ಮಂಡ್ಯ ಕಡೆಯವರು, ಹೊಸೂರಿಗೆ ಬಂದು ಹದಿನೈದು ವರ್ಷವಾಯಿತು. ಒಂದು ದಿನ ನನ್ನನ್ನು ಕರೆದು, "ನೋಡಿ ಮುನೀಂದ್ರ, ಬಾಟ್ಲಿ ಅಂದ್ರೆ ಜನ ಕುಡಿಯೋದು. ನನಗೆ ನಾಲಿಗೆ ಇರೋರು ಬೇಕು" ಎಂದರು.

"ನಾಲಿಗೆ ನಂಬೋ ಕಾಲ ಹೋಯ್ತು ಸಾರ್" ಎಂದೆ. "ನಾಲಿಗೆ ಬೆಳಗ್ಗೆ ಒಂದು ಹೇಳುತ್ತೆ, ಊಟ ಆದಮೇಲೆ ಇನ್ನೊಂದು ಹೇಳುತ್ತೆ. ಆರು ವರ್ಷದಿಂದ ನಾನು ಒಂದು ಮಾದರೀನೂ ಬಾಯಿಗೆ ಹಾಕ್ಕೊಂಡಿಲ್ಲ. ಎಲ್ಲ ಯಂತ್ರವೇ."

ಅವರು ಕೈಲಿದ್ದ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಮೆಚ್ಚಿಕೊಂಡರು ಎಂದುಕೊಂಡೆ. ಆ ಉತ್ಸಾಹದಲ್ಲೇ ನನಗೆ ಆ ಅದ್ಭುತ ಆಲೋಚನೆ ಹೊಳೆಯಿತು.

"ಸಾರ್, ಭಾನುವಾರ ನಮ್ಮನೆಗೆ ಬನ್ನಿ. ಹೊಸ ವಿಭಾಗದಲ್ಲಿ ಯಾವ ಥರದ ರಸ ಮಾಡ್ಬಹುದು ಅಂತ ಮಾಡಿ ತೋರಿಸ್ತೀನಿ."

ಒಪ್ಪಿಕೊಂಡರು. ನಾನು ಸೈಕಲ್ಲು ಕಲಿತ ದಿನದ ಹುಡುಗನ ಹಾಗೆ ಹಾರಿಕೊಂಡು ಮನೆಗೆ ಬಂದೆ.

"ಮಾಲಿನಿ, ಭಾನುವಾರ ಯತಿರಾಜ್ ಸಾರ್ ಬರ್ತಾರೆ. ಈ ಒಂದು ಲೋಟದ ಮೇಲೆ ನನ್ನ ಭವಿಷ್ಯ ನಿಂತಿದೆ."

"ಕರಬೂಜದ ಪಾನಕ ಮಾಡ್ತೀನಿ ಬುಡಿ. ಬೆಲ್ಲ, ಏಲಕ್ಕಿ ಹಾಕಿ. ಬಿಸ್ಲು ಬೇರೆ."

"ಪಾನಕನಾ?" ನನಗೆ ನಗು ಬಂತು. "ಪಾನಕ ರಾಮನವಮಿಗೆ ಸರಿ. ಇದು ಪ್ರಯೋಗ. ಉಷ್ಣವಲಯದ ಸಮ್ಮಿಶ್ರ ಫಲರಸ."

"ಅಂಗಂದ್ರೆ?"

"ಮಾವು, ಅನಾನಸ್, ಪರಂಗಿ."

"ಮೂರನ್ನೂ ಕಲ್ಸೋದಾ? ಸರಿ. ಕಲ್ಸಿ ಕೊಡ್ತೀನಿ."

"ನೀನು ಕಲಸಬಾರದು. ನಿನ್ನ ಕೈ ಅಂದಾಜಿನ ಕೈ. ಭಾನುವಾರ ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಅಡುಗೆಮನೆ ನನ್ನ ಸ್ವಾಧೀನದಲ್ಲಿರುತ್ತೆ."

"ತಿಂಡಿ?"

"ಆರಕ್ಕೆ ಮುಂಚೆ."

ಮಾಲಿನಿ ನಿಟ್ಟುಸಿರು ಬಿಟ್ಟಳು. "ನಮ್ಮವ್ವ ಅವತ್ತೇ ಹೇಳಿದ್ರು, ದುರ್ಬೀನು ಹಾಕೋನ್ಗೆ ಹತ್ರದ್ದು ಕಾಣೋಕಿಲ್ಲ ಅಂತ."

ಭಾನುವಾರ ಬಂತು. ಬೆಳಗ್ಗೆ ಆರಕ್ಕೆ ನಾನು ಸ್ನಾನ ಮಾಡಿ, ಕಾರ್ಖಾನೆಯ ಬಿಳಿ ಕೋಟು ತೊಟ್ಟು, ತಲೆಗೆ ಟೋಪಿ ಹಾಕಿ, ಅಡುಗೆಮನೆಯನ್ನು ಪ್ರವೇಶಿಸಿದೆ. ಮಾಲಿನಿ ಅಕ್ಕಿ ಮೊರ ತೆಗೆದುಕೊಂಡು ಪಕ್ಕದ ಮನೆಯ ಸೆಲ್ವಿಯ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಏಳು ಗಂಟೆಗೆ ಮಿಕ್ಸಿ ಶುರುವಾಯಿತು. ಎಂಟಕ್ಕೆ ಸೆಲ್ವಿ ಕಿಟಕಿಯಲ್ಲಿ ಮುಖ ತೋರಿಸಿ, "ಎನ್ನ ಸಾರ್, ಕಾಲೈಯಿಂದ ಒರೇ ಸತ್ತಂ. ಮನೆ ಕಟ್ಟುತ್ತಿದ್ದೀರಾ?" ಎಂದಳು. (ಬೆಳಗಿನಿಂದ ಒಂದೇ ಸದ್ದು ಎಂದು ತಮಿಳಿನಲ್ಲಿ ಅವಳ ದೂರು. ನಮ್ಮ ಬೀದಿಯಲ್ಲಿ ಒಂದು ವಾಕ್ಯ ಮುಗಿಯುವುದರೊಳಗೆ ಎರಡು ಭಾಷೆ ದಾಟುವುದು ಸಾಮಾನ್ಯ.)

ಮೂರು ಹಣ್ಣುಗಳ ರಸವನ್ನು ಪ್ರತ್ಯೇಕವಾಗಿ ತೆಗೆದೆ, ಬೇರೆ ಬೇರೆಯಾಗಿ ಸೋಸಿದೆ, ಅಳೆದೆ, ಬರೆದೆ. ಬೆರೆಸಿ, ನೀರು ಸೇರಿಸಿದಾಗ ನಾಲ್ಕು ಕಿಲೋ ರಸವಾಯಿತು. ಯಂತ್ರ ಇಟ್ಟು ನೋಡಿದೆ. ಒಂಬತ್ತು ಬ್ರಿಕ್ಸ್. ನನ್ನ ಗುರಿ ಹದಿನೈದು. ಕಾಗದ ತೆಗೆದು ಲೆಕ್ಕ ಮಾಡಿದೆ. ಸೇರಿಸಬೇಕಾದ ಸಕ್ಕರೆ ಇನ್ನೂರ ಎಂಬತ್ತೆರಡು ಗ್ರಾಂ. ಫ್ರಿಜ್ಜಿನ ಮೇಲಿನ ಪಟ್ಟಿ ನೋಡಿದೆ. ಕೆ-7, ಪುಡಿ ಸಕ್ಕರೆ. ಕೆ-7ನ್ನು ತೆರೆದೆ. ಬೆಳ್ಳಗೆ, ನುಣ್ಣಗೆ, ತುಂಬ ಚೊಕ್ಕವಾಗಿತ್ತು. ತಕ್ಕಡಿಯಲ್ಲಿ ತೂಗಿ ಸ್ವಲ್ಪ ಸ್ವಲ್ಪವೇ ಹಾಕುತ್ತ, ಕಲಕುತ್ತ, ಅಳೆಯುತ್ತ ಹೋದೆ. ಹನ್ನೊಂದು. ಹದಿಮೂರು. ಹದಿನಾಲ್ಕೂವರೆ.

ಒಂದು ಸಂಗತಿ ಮಾತ್ರ ವಿಚಿತ್ರವಾಗಿತ್ತು. ಇನ್ನೂರ ನಲವತ್ತು ಗ್ರಾಂ ಹಾಕುವಷ್ಟರಲ್ಲೇ ಗೆರೆ ಹದಿನೈದಕ್ಕೆ ಬಂದು ನಿಂತಿತು. ಲೆಕ್ಕಕ್ಕಿಂತ ನಲವತ್ತೆರಡು ಗ್ರಾಂ ಕಡಿಮೆ. ಇದಕ್ಕೆ ಕಾರಣವೇನಿರಬಹುದೆಂದು ಯೋಚಿಸಿದೆ. ಹಣ್ಣಿನ ಉತ್ಕೃಷ್ಟತೆಯೆಂದು ಬರೆದುಕೊಂಡೆ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮಾಲಿನಿ ಮೊರ ಹಿಡಿದು ಬಂದು ಇಣುಕಿದಳು. "ರುಚಿ ನೋಡಿದ್ರಾ?"

"ಹದಿನೈದು. ಒಂದು ಕೂದಲು ಹೆಚ್ಚಿಲ್ಲ, ಕಮ್ಮಿಯಿಲ್ಲ."

"ನಾ ಕೇಳಿದ್ದು ಅದಲ್ಲ."

"ಮಾಲಿನಿ, ತಯಾರಿಸಿದವನೇ ರುಚಿ ನೋಡಿದರೆ ಅಭಿಪ್ರಾಯ ಒಂದು ಕಡೆ ವಾಲುತ್ತೆ. ಅದು ವಿಜ್ಞಾನ ಅಲ್ಲ."

"ಸರಿ ಬುಡಿ" ಎಂದು ಅವಳು ಸೀರೆ ಬದಲಾಯಿಸಲು ಹೋದಳು.

ಯತಿರಾಜ್ ಅವರು ಒಬ್ಬರೇ ಬರಲಿಲ್ಲ. ತಮ್ಮ ತಾಯಿ ಚೆಲುವಮ್ಮನವರನ್ನೂ ಕರೆದುಕೊಂಡು ಬಂದಿದ್ದರು. ಎಪ್ಪತ್ತೈದರ ಅಜ್ಜಿ, ಬಿಳಿ ಕೂದಲು, ಎಲ್ಲವನ್ನೂ ಅಲ್ಲಲ್ಲೇ ಹೇಳಿಬಿಡುವ ಬಾಯಿ. ಒಳಗೆ ಬಂದವರೇ ನನ್ನ ಬಿಳಿ ಕೋಟು ನೋಡಿ, "ಯಾಕ್ಲಾ ಯತಿ, ಡಾಕ್ಟ್ರು ಮನೆಗಾ ಕರ್ಕಬಂದೆ? ಬಿಪಿ ನಿನ್ನೆ ತಾನೆ ತೋರಿಸ್ಕಂಡಿವ್ನಿ" ಎಂದರು.

"ಇಲ್ಲ ಕಣವ್ವ, ಜ್ಯೂಸ್ ಕುಡಿಯಾಕೆ."

"ಜ್ಯೂಸ್ ಕುಡಿಯಾಕೆ ಕೋಟ್ಯಾಕೆ?"

ಚಿಕ್ಕದೊಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ತಟ್ಟೆಯಲ್ಲಿ ಗಾಜಿನ ಲೋಟಗಳನ್ನಿಟ್ಟು ತಂದು, ನಿಂತುಕೊಂಡೇ ಆ ಭಾಷಣ ಮಾಡಿದೆ. ನಮ್ಮ ಕೃಷ್ಣಗಿರಿ ಸೀಮೆಯ ಮಾವು, ಅದರ ಬೆನ್ನಿಗೆ ಅನಾನಸ್ಸಿನ ಹುಳಿ, ಅದರ ತಳದಲ್ಲಿ ಪರಂಗಿಯ ಮೃದುತ್ವ, ಎಲ್ಲವನ್ನೂ ಹಿಡಿದು ನಿಲ್ಲಿಸುವ ಹದಿನೈದು ಬ್ರಿಕ್ಸ್. ನಾನು ಮಾತಾಡುತ್ತಿದ್ದ ಹೊತ್ತಿನಲ್ಲಿ ಮಾಲಿನಿ ಅಡುಗೆಮನೆಗೆ ಹೋದಳು. ಒಂದು ನಿಮಿಷದಲ್ಲಿ ಬಾಗಿಲಿಗೆ ಬಂದು ನಿಂತು ಏನೇನೋ ಸನ್ನೆ ಮಾಡತೊಡಗಿದಳು. ಮೊದಲು ಕೈ ಅಡ್ಡಡ್ಡ ಆಡಿಸಿದಳು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿ ತೋರಿಸಿದಳು. ಭಾಷಣ ಸ್ವಲ್ಪ ಕಡಿಮೆ ಮಾಡಿ ಎನ್ನುತ್ತಿದ್ದಾಳೆಂದು ತಿಳಿದು ಬೇಗ ಮುಗಿಸಿದೆ. ಕೊನೆಗೆ ಅವಳು ನಾಲಿಗೆ ಹೊರಹಾಕಿ ಅದನ್ನೇ ಬೆರಳಿನಿಂದ ತೋರಿಸಿದಳು. ಅತಿಥಿಗಳ ಮುಂದೆ ಗಂಡನನ್ನು ಅಣಕಿಸುವ ಹೆಂಡತಿಯನ್ನು ನಾನು ಅದೇ ಮೊದಲು ನೋಡಿದ್ದು. ಬಾಗಿಲಿಗೆ ಬೆನ್ನು ಮಾಡಿ ನಿಂತೆ.

"ತಗೊಳ್ಳಿ ಸಾರ್."

ಯತಿರಾಜ್ ಒಂದು ದೊಡ್ಡ ಗುಟುಕು ಕುಡಿದರು. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ನೆಟ್ಟಿತು. ಗಂಟಲು ಒಮ್ಮೆ ಮೇಲೆ ಹೋಗಿ, ಕೆಳಗೆ ಬರಲು ಒಪ್ಪದೆ, ಕೊನೆಗೆ ಬಂತು.

"ಎಷ್ಟು ಬ್ರಿಕ್ಸ್ ಅಂದ್ರಿ?"

"ಹದಿನೈದು ಸಾರ್. ನೀವೇ ನೋಡಿ." ಯಂತ್ರದ ಮೇಲೆ ತೊಟ್ಟು ಬಿಟ್ಟು ಅವರ ಕೈಗೇ ಕೊಟ್ಟೆ.

ಕಿಟಕಿಯ ಕಡೆ ಹಿಡಿದು ನೋಡಿದರು. "ಹದಿನೈದೇ ಐತೆ." ಯಂತ್ರ ಅಷ್ಟು ಗಟ್ಟಿಯಾಗಿ ಹೇಳುವಾಗ ತಪ್ಪು ತಮ್ಮ ಬಾಯಿಯದೇ ಇರಬೇಕೆಂದು ಅನಿಸಿತೋ ಏನೋ, ಪಾಪ, ಇನ್ನೊಂದು ಗುಟುಕು ಕುಡಿದರು. ಈ ಸಲ ಅವರ ಕಣ್ಣಲ್ಲಿ ನೀರು ಬಂತು. ನನಗೆ ರೋಮಾಂಚನವಾಯಿತು. ಹಣ್ಣಿನ ರಸ ಕುಡಿದು ಕಣ್ಣೀರು ಹಾಕಿದ ಮ್ಯಾನೇಜರನ್ನು ನಮ್ಮ ಕಾರ್ಖಾನೆ ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಚೆಲುವಮ್ಮನವರು ಲೋಟ ಎತ್ತಿದರು. ಒಂದು ಗುಟುಕು ಬಾಯಿಗೆ ಹೋಯಿತು. ಅದು ಒಳಗೆ ಹೋಗಲಿಲ್ಲ. ನೇರವಾಗಿ ನನ್ನ ಬಿಳಿ ಕೋಟಿನ ಮೇಲೆ ಬಂತು.

"ಅಯ್ಯೋ ನಿನ್ನ, ಇದೇನ್ಲಾ ಇದು? ಡಾಕ್ಟ್ರು ಉಪ್ಪು ಬುಡಿ ಉಪ್ಪು ಬುಡಿ ಅಂತ ಬಡ್ಕತಾವ್ರೆ. ಒಂದೊರ್ಸದ ಉಪ್ಪ ಒಂದೇ ಗುಟುಕ್ನಲ್ಲಿ ಕುಡಿಸ್ಬುಟ್ನಲ್ಲೋ."

"ಉಪ್ಪಾ? ಸಾಧ್ಯವೇ ಇಲ್ಲ ಅಜ್ಜಿ" ಎಂದೆ. "ಯಂತ್ರ ಸುಳ್ಳು ಹೇಳಲ್ಲ."

ಯತಿರಾಜ್ ಕರ್ಚೀಫಿನಿಂದ ಕಣ್ಣು ಒರೆಸಿಕೊಂಡು ನಿಧಾನವಾಗಿ ಹೇಳಿದರು. "ಸುಳ್ಳು ಹೇಳಿಲ್ಲ ಮುನೀಂದ್ರ. ಎಷ್ಟು ಕರಗೈತೆ ಅಂತ ಹೇಳ್ತು. ಏನು ಕರಗೈತೆ ಅಂತ ನೀವು ಕೇಳ್ಲಿಲ್ಲ."

ಆ ಮಾತು ಕೇಳಿದ ತಕ್ಷಣ ನನ್ನ ಬಿ.ಎಸ್ಸಿ. ಎರಡನೆಯ ವರ್ಷದ ಉತ್ತರಪತ್ರಿಕೆ ಕಣ್ಣಮುಂದೆ ಬಂದು ನಿಂತಿತು. ಸಕ್ಕರೆಯಾಗಲಿ ಉಪ್ಪಾಗಲಿ, ನೀರಲ್ಲಿ ಕರಗಿದ ಯಾವುದೇ ವಸ್ತು ಗೆರೆಯನ್ನು ಮೇಲೇರಿಸುತ್ತದೆ, ಅದರಲ್ಲೂ ಉಪ್ಪು ಸಕ್ಕರೆಗಿಂತ ತುಸು ಹೆಚ್ಚಾಗಿಯೇ ಏರಿಸುತ್ತದೆ ಎಂದು ನಾನೇ ಬರೆದಿದ್ದೆ. ಐದಕ್ಕೆ ಐದು ಅಂಕ ಬಂದಿತ್ತು. ಆ ನಲವತ್ತೆರಡು ಗ್ರಾಂ ಎಲ್ಲಿ ಹೋಯಿತೆಂದು ಈಗ ತಿಳಿಯಿತು.

"ಕುಡೀರಿ" ಎಂದರು ಯತಿರಾಜ್.

ಆರು ವರ್ಷಗಳಲ್ಲಿ ಮೊದಲ ಸಲ ನನ್ನದೇ ಒಂದು ಮಾದರಿಯನ್ನು ಬಾಯಿಗಿಟ್ಟೆ. ಅದನ್ನು ವರ್ಣಿಸಲಾರೆ. (ಆಮೇಲೆ ಲೆಕ್ಕ ಹಾಕಿ ನೋಡಿದೆ. ಸಮುದ್ರದ ನೀರಿನ ಒಂದೂವರೆ ಪಟ್ಟು ಉಪ್ಪು. ಸಮುದ್ರಕ್ಕೆ ಪರಂಗಿಯ ಮೃದುತ್ವವೂ ಇರುವುದಿಲ್ಲ.)

ತಿರುಗಿ ನೋಡಿದೆ. ಮಾಲಿನಿ ಇನ್ನೂ ಬಾಗಿಲಲ್ಲೇ ಇದ್ದಳು. ಕೈಯಲ್ಲಿ ಕೆ-7.

"ಇದರಲ್ಲಿ ಉಪ್ಪು ಯಾಕೆ ಬಂತು?" ಎಂದು ಹಲ್ಲು ಕಚ್ಚಿ ಕೇಳಿದೆ.

"ಹೋದ್ವಾರ ಉಪ್ಪಿನ ಡಬ್ಬಿ ತೊಳ್ದಿಟ್ಟಿದ್ದೆ. ಒಣಗಿರ್ಲಿಲ್ಲ. ಇದು ಖಾಲಿ ಇತ್ತು, ಸುರಿದೆ."

"ಚೀಟಿ ಬದಲಾಯಿಸಬಾರದಾ?"

"ಚೀಟಿ ನೋಡ್ಕೊಂಡು ಉಪ್ಪು ಹಾಕೋಕೆ ನಂಗೇನು ನಾಲಿಗೆ ಇಲ್ವಾ?"

ಯತಿರಾಜ್ ತಲೆಯೆತ್ತಿ ಅವಳನ್ನು ನೋಡಿದರು.

ಮಾಲಿನಿ ಚೆಲುವಮ್ಮನವರ ಕೈಯಿಂದ ಲೋಟ ತೆಗೆದುಕೊಂಡು, "ಬಾಯಿ ಮುಕ್ಕಳಿಸ್ಕೊಳ್ಳಿ ಅಜ್ಜಿ, ಐದು ನಿಮಿಷ" ಎಂದು ನೀರು ಕೊಟ್ಟು ಒಳಗೆ ಹೋದಳು. ಮಿಕ್ಸಿಯ ಸದ್ದೇ ಬರಲಿಲ್ಲ. ಕರಬೂಜ ಕೊಯ್ದ ಸದ್ದು, ಸೌಟಿನಿಂದ ತಿರುಳು ಮಸೆದ ಸದ್ದು, ಏಲಕ್ಕಿ ಕುಟ್ಟಿದ ಸದ್ದು ಬಂತು. ನಾನು ಹಿಂದೆಯೇ ಹೋಗಿ ನಿಂತೆ. ಬೆಲ್ಲವನ್ನು ಕೈಯಲ್ಲೇ ಪುಡಿ ಮಾಡಿ ಹಾಕಿದಳು. ಮಡಕೆಯ ನೀರು ಹಾಕಿದಳು. ಕೊನೆಯಲ್ಲಿ ನನ್ನ ಮುಖವನ್ನೇ ನೋಡುತ್ತ ಕೆ-7ರೊಳಗೆ ಕೈಹಾಕಿ, ಒಂದೇ ಒಂದು ಚಿಟಿಕೆ ಉಪ್ಪು ತೆಗೆದು ಉದುರಿಸಿದಳು. ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ತಲೆಯಾಡಿಸಿದಳು. ಸ್ಟೀಲ್ ಲೋಟಗಳು ಹೊರಗೆ ಹೋದವು.

ಯತಿರಾಜ್ ಸಂಶಯದಿಂದ ತುಟಿ ಸೋಕಿಸಿದರು. ಆಮೇಲೆ ಒಂದೇ ಉಸಿರಿಗೆ ಕುಡಿದರು. ಲೋಟ ಕೆಳಗಿಟ್ಟು, "ಇನ್ನೊಂದು ಇದ್ದಾತಾ ತಾಯಿ?" ಎಂದರು. ಚೆಲುವಮ್ಮನವರು ಎರಡು ಲೋಟ ಕುಡಿದು, ಎಲ್ಲಿಯ ಹಣ್ಣು ಎಂದು ವಿಚಾರಿಸಿದರು.

"ನಮ್ಮೂರ ಕಡೇದು ಅಜ್ಜಿ, ಬಾಗಲೂರು. ಕೆರೆ ಮಣ್ಣಲ್ಲಿ ಬೆಳೆದಿದ್ದು, ಅದಕ್ಕೆ ಘಮ ಜಾಸ್ತಿ. ಒಂದು ಬಿಸ್ಲು ಹೆಚ್ಚಾಗೇ ಕಂಡೈತೆ ಹಣ್ಣು, ಅದಕ್ಕೇ ಬೆಲ್ಲ ಕೈ ಹಿಡಿದು ಹಾಕಿದೆ."

ಯತಿರಾಜ್ ಎದ್ದು ಹೊರಗೆ ಹೋದರು. ಸಿಟ್ಟಿನಿಂದ ಹೊರಟೇಬಿಟ್ಟರೆಂದು ನಾನು ಬಾಗಿಲಿಗೆ ಓಡಿದೆ. ಕಾರಿನಿಂದ ಒಂದು ಚೀಲ ತಂದರು. ಅದರಲ್ಲಿ ಮೂರು ಬಾಟಲಿ. ಹೊಸ ವಿಭಾಗಕ್ಕೆಂದು ಕಾರ್ಖಾನೆಯಲ್ಲಿ ಪ್ರಯೋಗಕ್ಕೆ ಮಾಡಿದ್ದ ಮಾವಿನ ರಸ. ಬಾಟಲಿಗಳ ಹಿಂಭಾಗಕ್ಕೆ ಚೀಟಿ ಅಂಟಿಸಿತ್ತು.

"ಮುನೀಂದ್ರ, ಇವನ್ನ ಅಳೀರಿ. ತಾಯಿ, ನೀವು ಕುಡಿದು ನೋಡಿ."

ಮಾನ ಉಳಿಸಿಕೊಳ್ಳಲು ಸಿಕ್ಕಿದ ಅವಕಾಶ. ಕೈ ತೊಳೆದು, ಗಾಜು ಒರೆಸಿ, ಮೂರನ್ನೂ ಎರಡೆರಡು ಸಲ ಅಳೆದೆ. "ಹದಿನೈದು, ಹದಿನೈದು, ಹದಿನೈದು. ಮೂರೂ ಒಂದೇ ಸಾರ್" ಎಂದೆ. ಧ್ವನಿ ಸ್ವಲ್ಪ ಗಟ್ಟಿಯಾಗಿತ್ತು.

ಮಾಲಿನಿ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಗುಟುಕು ಕುಡಿದಳು. ನಡುನಡುವೆ ನೀರು ಕುಡಿದಳು. (ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ. ನಮ್ಮ ಪುಸ್ತಕದಲ್ಲಿ ಹಾಗೇ ಬರೆದಿದೆ.)

"ಮೂರೂ ಬೇರೆ ಬೇರೆ. ಈ ಮೊದಲ್ನೇದು ಬರೀ ಗಿಣಿಮೂತಿ ಮಾವು. ಹಣ್ಣು ಚೆನ್ನಾಗೈತೆ, ಆದ್ರೆ ಉರಿ ಮೇಲೆ ಜಾಸ್ತಿ ಹೊತ್ತು ಬುಟ್ಟವ್ರೆ, ಬೇಯಿಸಿದ ವಾಸ್ನೆ ಬತ್ತದೆ. ಮೂರ್ನೇದಕ್ಕೆ ಬಾದಾಮಿ ಮಾವು ಸೇರ್ಸವ್ರೆ, ಇದು ಮನೆಗೆ ಬಂದೋರಿಗೆ ಕೊಡಬಹುದು."

"ಎರಡ್ನೇದು?" ಯತಿರಾಜ್ ಮುಂದಕ್ಕೆ ಬಾಗಿದರು.

ಮಾಲಿನಿ ಮುಖ ಹಿಂಡಿದಳು. "ಇದು ಹಸಿಹಸಿ. ಕಾಯಿ ಕಿತ್ತು ಸಕ್ಕರೆ ಸುರಿದವ್ರೆ. ಸಿಹಿ ಐತೆ, ಹಣ್ಣಿಲ್ಲ. ಇದನ್ನ ಸರಿ ಅಂದೋನು ಬಾಯಿಗೆ ಹಾಕ್ಕೊಂಡು ನೋಡಿಲ್ಲ ಸಾರ್."

ಯತಿರಾಜ್ ಬಾಟಲಿಯನ್ನು ಹಿಂದುಮುಂದು ತಿರುಗಿಸಿ ಚೀಟಿಯನ್ನು ನನ್ನ ಕಡೆ ಹಿಡಿದರು. ಮೂರರಲ್ಲೂ ಉತ್ತಮವೆಂದು ಹೋದ ತಿಂಗಳು ಶಿಫಾರಸಾದದ್ದು ಎರಡನೆಯದು. ಕೆಳಗೆ ನನ್ನ ಸಹಿ ಬಹಳ ಸ್ಪಷ್ಟವಾಗಿತ್ತು. ನಾನು ಸಹಿಯನ್ನೂ ಶಿಸ್ತಿನಿಂದಲೇ ಹಾಕುವವನು.

ಚೆಲುವಮ್ಮನವರಿಗೆ ಅಕ್ಷರ ಬರುವುದಿಲ್ಲ, ಮುಖ ಓದಲು ಬರುತ್ತದೆ. "ನಿನ್ನದೇನಪ್ಪಾ ಅದೂವೆ?" ಎಂದರು. ನಾನು ಕೋಟಿನ ಗುಂಡಿ ಬಿಚ್ಚತೊಡಗಿದೆ.

"ಎಲ್ಲಿವರೆಗೆ ಓದಿದ್ದೀರಿ ತಾಯಿ?" ಎಂದು ಯತಿರಾಜ್ ಕೇಳಿದರು.

"ಪಿಯುಸಿ."

"ಸಾಕು" ಎಂದರು. "ನಮ್ಮವ್ವ ಕುಡಿದಿದ್ದನ್ನ ಕೋಟಿನ ಮೇಲೆ ಉಗುಳೋ ಹಂಗೆ ಊರಿನ ಜನ ನನ್ನ ಬಾಟ್ಲಿ ಉಗುಳಬಾರದು. ನಾಳೆ ಬನ್ನಿ, ಮಾತಾಡಾಣ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಿಂದ ಉಪಕಾರ ಆಯ್ತು ಮುನೀಂದ್ರ. ನೀವು ಕರೀದೆ ಹೋಗಿದ್ರೆ ನನಗೆ ಸಿಗ್ತಿದ್ದಿಲ್ಲ" ಎಂದರು. ಭಾನುವಾರ ಪೂರ್ತಿ ನಾನು ಆ ಮಾತನ್ನು ಎಲ್ಲ ಕೋನಗಳಿಂದ ಪರಿಶೀಲಿಸಿದೆ. ಯಾವ ಕೋನದಿಂದ ನೋಡಿದರೂ ಅದು ನನ್ನ ಹೊಗಳಿಕೆಯಾಗಲಿಲ್ಲ.

ನಾಲ್ಕು ಕಿಲೋ ಸಮ್ಮಿಶ್ರ ಫಲರಸವನ್ನು ಚೆಲ್ಲಲು ಹೋದಾಗ ಮಾಲಿನಿ ಬಿಡಲಿಲ್ಲ. ಅದನ್ನು ಕುದಿಸಿ ಆರಿಸಿ, ಇನ್ನಷ್ಟು ಉಪ್ಪು ಬೆರೆಸಿ, ಹಸಿಮೆಣಸಿನಕಾಯಿ ಸೀಳಿ ಹಾಕಿ, ಎಳೆ ಮಾವಿನಕಾಯಿ ಮುಳುಗಿಸಿ ಜಾಡಿಗೆ ತುಂಬಿದಳು. ಸೆಲ್ವಿ ಒಂದು ಬಟ್ಟಲು ಕೇಳಿ ತೆಗೆದುಕೊಂಡು ಹೋದಳು. ಈಗ ನಮ್ಮ ಬೀದಿಯಲ್ಲಿ ಅದಕ್ಕೆ "ಸಾರ್ ಊರುಗಾಯ್" ಎಂದೇ ಹೆಸರು. ಊರುಗಾಯ್ ಎಂದರೆ ತಮಿಳಿನಲ್ಲಿ ಉಪ್ಪಿನಕಾಯಿ. ಸಾರ್ ಎಂದರೆ ನಾನು. ಡಬ್ಬಿಗಳ ಚೀಟಿಗಳು ಒಂದೊಂದಾಗಿ ಉದುರಿಹೋದವು. ನಾನು ಮತ್ತೆ ಅಂಟಿಸಲಿಲ್ಲ.

ಹೊಸ ವಿಭಾಗದ ಯಂತ್ರಗಳ ಹೊಣೆ ಕಿರಣ್‌ಕುಮಾರ್‌ಗೆ ಹೋಯಿತು, ಮುಖ್ಯಸ್ಥನ ಕುರ್ಚಿಯನ್ನು ಯತಿರಾಜ್ ತಮ್ಮ ಕೈಯಲ್ಲೇ ಇಟ್ಟುಕೊಂಡರು. ನಾನು ಮೊದಲಿನ ಹಾಗೆ ಲ್ಯಾಬಿನಲ್ಲೇ ಇದ್ದೇನೆ. ಬಾಟಲಿ ಹೊರಗೆ ಹೋಗುವ ಮುನ್ನ ತುಂಬುವ ನಮೂನೆಯಲ್ಲಿ ಎರಡು ಸಾಲುಗಳಿವೆ. ಮೊದಲ ಸಾಲಿನಲ್ಲಿ ನಾನು ಸಂಖ್ಯೆ ಬರೆಯುತ್ತೇನೆ. ಎರಡನೆಯ ಸಾಲು ರುಚಿ ಕೊಠಡಿಯದು. ಅಲ್ಲಿ "ಆಯ್ತು" ಎಂದೋ "ಬೇಡ" ಎಂದೋ ಒಂದೇ ಮಾತು ಇರುತ್ತದೆ. "ಬೇಡ" ಎಂದು ಬಂದ ದಿನ ನನ್ನ ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಲಾರಿ ಹೊರಡುವುದಿಲ್ಲ. ಮಾದರಿಯ ಲೋಟಗಳನ್ನು ಲ್ಯಾಬಿನಿಂದ ಆ ಕೊಠಡಿಗೆ ತಟ್ಟೆಯಲ್ಲಿಟ್ಟು ಒಯ್ದು ಕೊಡುವ ಕೆಲಸ ನನ್ನದು. ಮೊದಲ ದಿನ ಕೊಟ್ಟು ಹೊರಟಾಗ, ಎಲ್ಲ ಹೆಂಗಸರ ಮುಂದೆ ಕರೆದು, "ಅಳೆದಿದ್ದಾಯ್ತು, ಕುಡಿಯಲ್ವಾ?" ಎಂದು ಕೇಳಲಾಯಿತು. ಅಂದಿನಿಂದ ಕುಡಿದೇ ಕೊಡುತ್ತೇನೆ.

ಮಾಲಿನಿ ಈಗ ನಮ್ಮ ಕಾರ್ಖಾನೆಯಲ್ಲಿ ರುಚಿ ಪರೀಕ್ಷಕಿ. ಬೆಳಗ್ಗೆ ಎಂಟು ಹತ್ತರ ಬಸ್ಸಿಗೆ ಹೋಗುತ್ತಾಳೆ, ಸಂಜೆ ಆರಕ್ಕೆ ಬರುತ್ತಾಳೆ.